ತುಂಬಿದ ಡಿಸ್ಕೂ ಜಾನಪದ ಧ್ವನಿಮುದ್ರಣಗಳೂ

ಜಾನಪದ ಸಂಶೋಧಕನ ಗಣಕಯಂತ್ರದಲ್ಲಿ ಸ್ಥಳವನ್ನು ನುಂಗುವುದು ಬರಹವಲ್ಲ, ಧ್ವನಿ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘಮಾಸದಲ್ಲಿ ನೆರೆಯುವ ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಅಲ್ಲಿ ಒಬ್ಬನು ಡೊಳ್ಳಿನ ಪದಗಳನ್ನು ಮುದ್ರಿಸಿಕೊಂಡನೆಂದು ಭಾವಿಸೋಣ. ಸೆಕೆಂಡಿಗೆ 44,100 ಮಾದರಿ, ಮಾದರಿಯೊಂದಕ್ಕೆ 2 ಬೈಟು, ಎಡಬಲ ಎರಡು ವಾಹಿನಿ. ಈ ಲೆಕ್ಕದಲ್ಲಿ ಒಂದು ಗಂಟೆಯ ಹಾಡಿಗೆ ಸುಮಾರು 635 ಮೆಗಾಬೈಟು ಬೇಕು. ಬರಹಕ್ಕಾದರೋ ಯುಟಿಎಫ್-8 ಕ್ರಮದಲ್ಲಿ ‘ಚಿಂಚಲಿ’ ಎಂಬ ಪದಕ್ಕೆ 18 ಬೈಟು ಸಾಕು. ಆದುದರಿಂದ ಡಿಸ್ಕಿನ ಪಾರ್ಟಿಷನ್ ತುಂಬಿದಾಗ ಟಿಪ್ಪಣಿಗಳನ್ನು ಅಳಿಸಹೊರಡುವುದು ವ್ಯರ್ಥಶ್ರಮ.

ಯಾವ ಫೋಲ್ಡರು ಎಷ್ಟು ಸ್ಥಳವನ್ನು ಆಕ್ರಮಿಸಿದೆಯೆಂಬುದನ್ನು ಮೊದಲು ಅಳೆಯತಕ್ಕದ್ದು. ಅಳಿಸಿದ ಮಾತ್ರಕ್ಕೆ ಸ್ಥಳ ತೆರವಾಗದೆಂಬುದನ್ನೂ ಗಮನಿಸಬೇಕು. ವಿಂಡೋಸಿನಲ್ಲಿ ಅಳಿಸಿದ ಕಡತವು ಸಾಮಾನ್ಯವಾಗಿ ರಿಸೈಕಲ್ ಬಿನ್ನಿಗೆ ಸರಿದು ಅದೇ ಪಾರ್ಟಿಷನ್ನಿನಲ್ಲಿಯೇ ಉಳಿಯುತ್ತದೆ. ಬಿನ್ನನ್ನು ಬರಿದು ಮಾಡಿದ ಮೇಲೆಯೇ ಸ್ಥಳ ದೊರೆಯುವುದು. ಲಿನಕ್ಸಿನ ರೀತಿ ಇನ್ನೂ ವಿಚಿತ್ರವಾದುದು. ಯಾವುದಾದರೂ ಪ್ರೋಗ್ರಾಮು ಕಡತವನ್ನು ತೆರೆದಿಟ್ಟುಕೊಂಡಿದ್ದರೆ, ಕಡತದ ಹೆಸರು ಅಳಿದರೂ ಅದರ ಸ್ಥಳವು ಆ ಪ್ರೋಗ್ರಾಮು ಅದನ್ನು ಮುಚ್ಚುವವರೆಗೆ ಬಿಡುಗಡೆಯಾಗದು.

ತಾತ್ಕಾಲಿಕ ಕಡತಗಳನ್ನೂ ಹೆಚ್ಚಿನ ಪ್ರತಿಗಳನ್ನೂ ನಿಶ್ಚಿಂತೆಯಿಂದ ತೆಗೆಯಬಹುದು. ಧ್ವನಿಯನ್ನು ಮಾತ್ರ ಅಳಿಸದೆ ಫ್ಲ್ಯಾಕ್ ರೂಪಕ್ಕೆ ಪರಿವರ್ತಿಸುವುದು ಲೇಸು. ಗಾತ್ರ ಗಣನೀಯವಾಗಿ ಕುಗ್ಗಿದರೂ ಮೂಲದ ಒಂದು ಮಾದರಿಯೂ ನಷ್ಟವಾಗದು. ಎಂಪಿ3 ಹಾಗಲ್ಲ, ಕಿವಿಗೆ ಅಷ್ಟಾಗಿ ಕೇಳಿಸದೆಂದು ಎಣಿಸಿದ ಅಂಶಗಳನ್ನು ಅದು ಕಳೆದುಬಿಡುತ್ತದೆ. ಡೊಳ್ಳಿನ ನಾದವನ್ನು ಮುಂದೆ ವಿಶ್ಲೇಷಿಸುವವನಿಗೆ ಅವೇ ಬೇಕಾದಾವು. ಮೂಲವನ್ನು ತೆಗೆಯುವ ಮುನ್ನ ಹೊಸ ಕಡತವನ್ನು ಬೇರೊಂದು ಡಿಸ್ಕಿನಲ್ಲಿಯೂ ಇರಿಸಿ, ತೆರೆದು ಕೇಳಿ ನೋಡತಕ್ಕದ್ದು. ಹಾಡಿದ ವೃದ್ಧನು ಮರುವರ್ಷದ ಜಾತ್ರೆಗೆ ಬಂದೇ ಬರುವನೆಂಬ ಭರವಸೆಯಿಲ್ಲ.