ಬೀಸುವ ಮೊದಲು ಜರಡಿ

ರಾಯಚೂರು ಸೀಮೆಯ ಹಟ್ಟಿಯ ಬೀದಿಯಲ್ಲಿ ನಿಂತು 5 ವ್ಯಾಟ್‌ನ ವಾಕಿಟಾಕಿಯಲ್ಲಿ ಸಿಂಧನೂರಿನ ಗೆಳೆಯನನ್ನು ಕರೆದರೆ ಅವನಿಗೆ ಕೇಳಿಸುವುದಿಲ್ಲ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಬಳಸುವ 144–146 ಮೆಗಾಹರ್ಟ್ಜ್ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವಂಥದ್ದು. ನೆಲದ ಉಬ್ಬು ಬಂದರೆ ಅಲ್ಲಿಗೇ ಮುಗಿಯಿತು. ಆದರೆ ಈ ಎರೆಭೂಮಿಯ ನಡುನಡುವೆ ಕಲ್ಲುಗುಡ್ಡಗಳಿವೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಅಶೋಕನ ಶಾಸನ ಬಿದ್ದದ್ದು ಮಸ್ಕಿಯ ಅಂಥ ಕಲ್ಲುಗುಡ್ಡದಲ್ಲೇ. ಇಂಥ ಎತ್ತರದಲ್ಲಿ ಕೇಳಿದ್ದನ್ನು ಮರುಪ್ರಸಾರ ಮಾಡುವ ಒಂದು ರಿಪೀಟರ್ ಕೂತರೆ ಮಾತು ಹತ್ತಾರು ಕಿಲೋಮೀಟರ್ ದಾಟುತ್ತದೆ.

ರಿಪೀಟರ್ ಒಂದೇ ಆಂಟೆನಾದಲ್ಲಿ ಕೇಳುತ್ತಲೇ ಮಾತಾಡಬೇಕು. ಕೇಳುವ ಮತ್ತು ಮಾತಾಡುವ ಫ್ರೀಕ್ವೆನ್ಸಿಗಳ ನಡುವಿನ ಅಂತರ ಬರೀ 600 ಕಿಲೋಹರ್ಟ್ಜ್. ಹೊರಹೋಗುವುದು 25 ವ್ಯಾಟ್, ಒಳಬರುವುದು 0.2 ಮೈಕ್ರೋವೋಲ್ಟ್ ಎಂದಿಟ್ಟುಕೊಂಡರೆ ಇವೆರಡರ ಶಕ್ತಿಯ ವ್ಯತ್ಯಾಸ ಸುಮಾರು 165 ಡೆಸಿಬೆಲ್. ತನ್ನದೇ ಅಬ್ಬರದ ನಡುವೆ ಅದು ದೂರದ ಪಿಸುಮಾತನ್ನು ಕೇಳಿಸಿಕೊಳ್ಳಬೇಕು.

ಸರಿಯಾಗಿ ಕೇಳುತ್ತಿಲ್ಲ ಎಂದಾಗ ಎಲ್ಲರ ಕೈ ಮೊದಲು ಹೋಗುವುದು ಒಳಬರುವ ಸಿಗ್ನಲ್‌ಗೆ ಬಲ ಕೊಡುವ ಪ್ರಿಆಂಪ್ ಕಡೆಗೆ. ಅದಕ್ಕೆ ಆಧಾರವೂ ಇದೆ: ಮೊದಲ ಹಂತದ ಗದ್ದಲವೇ ಇಡೀ ರಿಸೀವರಿನ ಗದ್ದಲವನ್ನು ಬಹುಪಾಲು ನಿರ್ಧರಿಸುತ್ತದೆ ಎಂದು ಹರಾಲ್ಡ್ ಫ್ರಿಸ್ 1944ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಹಾಗಾದರೆ ಆಂಟೆನಾಕ್ಕೇ ಪ್ರಿಆಂಪ್ ಹಚ್ಚಿಬಿಡೋಣ ಅನ್ನಿಸುತ್ತದೆ. ಅಲ್ಲೇ ಕೆಲಸ ಕೆಡುವುದು. ಎಫ್‌ಎಂ ಕೇಂದ್ರ, ಪಕ್ಕದ ಟವರ್, ತನ್ನದೇ ಟ್ರಾನ್ಸ್‌ಮಿಟರ್ ಎಲ್ಲವೂ ಒಟ್ಟಿಗೆ ನುಗ್ಗಿ ಪ್ರಿಆಂಪ್ ಉಸಿರುಗಟ್ಟುತ್ತದೆ. ಎಲ್ಲೂ ಇಲ್ಲದ ಸಿಗ್ನಲ್‌ಗಳು ಅದರೊಳಗೇ ಹುಟ್ಟಿಕೊಳ್ಳುತ್ತವೆ. ಜೋಳದ ಕಲ್ಲು ತೆಗೆಯದೆ ಗಿರಣಿಗೆ ಸುರಿದ ಹಾಗೆ.

ಅದಕ್ಕೇ ಆಂಟೆನಾದ ನಂತರ ಒಳಬರುವುದನ್ನೂ ಹೊರಹೋಗುವುದನ್ನೂ ಬೇರೆಮಾಡುವ ಡ್ಯುಪ್ಲೆಕ್ಸರ್, ಆಮೇಲೆ ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಕ್ಯಾವಿಟಿ, ಅದರಾಚೆ ಪ್ರಿಆಂಪ್, ಕೊನೆಗೆ ರಿಸೀವರ್. ಕ್ಯಾವಿಟಿಯಲ್ಲಿ ಒಂದೂವರೆ ಡೆಸಿಬೆಲ್ ನಷ್ಟವಾದರೆ ಅಷ್ಟೂ ಗದ್ದಲದ ಲೆಕ್ಕಕ್ಕೆ ಸೇರುತ್ತದೆ, ನಿಜ. ಟವರ್‌ಗಳು ತುಂಬಿದ ಗುಡ್ಡದಲ್ಲಿ ಆ ನಷ್ಟ ತೆತ್ತರೂ ಲಾಭವೇ.

ಕ್ಯಾವಿಟಿ ನೋಡಲು ಒಂದು ಲೋಹದ ಡಬ್ಬಿ. ಒಳಗೆ ಸುಮಾರು ಅರ್ಧ ಮೀಟರ್ ಉದ್ದದ ಕಂಬಿ. ಮೇಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಶ್ರುತಿ ಬದಲಾಗುತ್ತದೆ. ರಾಯಚೂರು ಸೀಮೆಯ ಬಿಸಿಲಿಗೆ ಲೋಹ ಹಿಗ್ಗಿದರೂ ಹಾಗೆಯೇ. ಒಳ್ಳೆಯ ಕ್ಯಾವಿಟಿಯಲ್ಲಿ ಶ್ರುತಿಯ ಸರಳನ್ನು ಬಹಳ ಕಡಿಮೆ ಹಿಗ್ಗುವ ಇನ್ವಾರ್ ಲೋಹದಲ್ಲಿ ಮಾಡುವುದು ಅದಕ್ಕೇ. ಪ್ರಿಆಂಪ್ 20 ಡೆಸಿಬೆಲ್ ಬಲ ಕೊಡುವಂಥದ್ದಾದರೆ ಅದರ ನಂತರ 6–10 ಡೆಸಿಬೆಲ್‌ನ ಅಟೆನ್ಯುಯೇಟರ್ ಹಾಕಿ ತಗ್ಗಿಸಬೇಕು. ಬಲ ಹೆಚ್ಚಾದರೂ ರಿಸೀವರ್ ಕೆಡುತ್ತದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ದುರ್ಬಲ ಸಿಗ್ನಲ್ ಒಂದನ್ನು ಕೇಳುತ್ತಾ ಟ್ರಾನ್ಸ್‌ಮಿಟರನ್ನು ಆನ್ ಮಾಡಿ, ಆಫ್ ಮಾಡಿ. ಆನ್ ಆದಾಗ ಸರಸರ ಸದ್ದು ಏರಿದರೆ ಪ್ರಿಆಂಪನ್ನು ತೆಗೆದಿಟ್ಟು ಮತ್ತೆ ನೋಡಿ. ಸದ್ದು ಹಾಗೇ ಉಳಿದರೆ ಡ್ಯುಪ್ಲೆಕ್ಸರಿನ ಶ್ರುತಿ, ಒಂದೇ ಪದರದ ಹೆಣಿಗೆಯ ಕೇಬಲ್, ಸಡಿಲ ಕನೆಕ್ಟರ್, ಕಂಬದ ತುಕ್ಕು ಹಿಡಿದ ಬೋಲ್ಟ್, ಒಂದೊಂದನ್ನೂ ಕೈಯಿಟ್ಟು ನೋಡಬೇಕು.