ಬಾಯಿಯೊಳಗಿನ ಕಲೆ ಮತ್ತು ಗ್ರಾಮ ಪಂಚಾಯಿತಿ: ತಲೆ–ಕತ್ತಿನ ಕ್ಯಾನ್ಸರ್ ಪತ್ತೆ ಹಾಗೂ ಚಿಕಿತ್ಸೆಯ ಸಂಶೋಧನೆ ತಿಳಿಸುವುದೇನು?

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ)

ಕೆನ್ನೆಯ ಒಳಮಗ್ಗುಲಿನಲ್ಲೋ ನಾಲಗೆಯ ಅಂಚಿನಲ್ಲೋ ಒಂದು ಬಿಳಿಯ ಅಥವಾ ಕೆಂಪು ಕಲೆ ಕಾಣಿಸಿಕೊಳ್ಳುತ್ತದೆ. ನೋವಿರುವುದಿಲ್ಲ, ಊಟಕ್ಕೆ ತೊಡಕಾಗುವುದಿಲ್ಲ. ಆದ್ದರಿಂದ ಅದನ್ನು ಯಾರಿಗೂ ತೋರಿಸುವ ಅಗತ್ಯ ಕಂಡುಬರುವುದಿಲ್ಲ. ತಿಂಗಳುಗಳು ಕಳೆದು ಕಲೆಯು ಹುಣ್ಣಾಗಿ, ಕತ್ತಿನಲ್ಲಿ ಗಂಟು ಕಾಣಿಸಿಕೊಂಡ ಮೇಲೆ ರೋಗಿಯು ಆಸ್ಪತ್ರೆಗೆ ಬರುತ್ತಾನೆ. ಸುಲಭವಾಗಿ ಗುಣಪಡಿಸಬಹುದಾಗಿದ್ದ ಕಾಯಿಲೆಯು ಅಷ್ಟರಲ್ಲಿ ಕಷ್ಟಸಾಧ್ಯವಾಗಿರುತ್ತದೆ. ಈ ಕ್ಯಾನ್ಸರ್‌ಗಳ ಕುರಿತು ನಡೆದಿರುವ ಸಂಶೋಧನೆಗಳನ್ನು ಪರಿಶೀಲಿಸಿದರೆ, ಗ್ರಾಮ ಮಟ್ಟದಲ್ಲಿ ಮಾಡಬಹುದಾದ ಕೆಲಸವೊಂದು ಸ್ಪಷ್ಟವಾಗಿ ಕಂಡುಬರುತ್ತದೆ.

ತಲೆ–ಕತ್ತಿನ ಕ್ಯಾನ್ಸರ್ ಎಂದರೇನು?

ತುಟಿ, ನಾಲಗೆ, ಒಸಡು, ಕೆನ್ನೆಯ ಒಳಭಾಗ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ ಮತ್ತು ಜೊಲ್ಲುಗ್ರಂಥಿಗಳಲ್ಲಿ ಉಂಟಾಗುವ ಕ್ಯಾನ್ಸರ್‌ಗಳನ್ನು ಒಟ್ಟಾಗಿ ತಲೆ–ಕತ್ತಿನ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ನಮ್ಮ ದೇಶದಲ್ಲಿ ಇವುಗಳ ಪೈಕಿ ಬಾಯಿಯ ಕ್ಯಾನ್ಸರ್ ಅತಿ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.43 ಲಕ್ಷ ಮಂದಿಯಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಪುರುಷರಲ್ಲಿ ಕಂಡುಬರುವ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಕಾರಣಗಳ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಗೊಂದಲವಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಮತ್ತು ಮದ್ಯ ಮುಖ್ಯ ಕಾರಣಗಳು. ತಂಬಾಕು ಮತ್ತು ಮದ್ಯ ಎರಡನ್ನೂ ಬಳಸುವವರಲ್ಲಿ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ. ತಂಬಾಕು ಸೇರಿಸದ ಎಲೆಅಡಿಕೆಯಿಂದ ತೊಂದರೆಯಿಲ್ಲ ಎಂಬ ನಂಬಿಕೆ ಗ್ರಾಮಗಳಲ್ಲಿ ವ್ಯಾಪಕವಾಗಿದೆ. ಆದರೆ ಅಡಿಕೆಯೂ ಸ್ವತಃ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಘೋಷಿಸಿದೆ. ನಿರಂತರವಾಗಿ ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದುಕೊಂಡು ಬಾಯಿಯನ್ನು ಪೂರ್ತಿಯಾಗಿ ತೆರೆಯಲಾಗದ ಸ್ಥಿತಿ ಉಂಟಾಗುತ್ತದೆ. ಅದು ಮುಂದೆ ಕ್ಯಾನ್ಸರ್ ಆಗಿ ಬದಲಾಗಬಹುದು. ಮೈಸೂರಿನ ವೀಳ್ಯದೆಲೆಗೆ ತನ್ನದೇ ಆದ ಹೆಸರಿದೆ. ಶುಭಕಾರ್ಯಗಳಲ್ಲಿ ತಾಂಬೂಲಕ್ಕೆ ಗೌರವದ ಸ್ಥಾನವಿದೆ. ಅಪಾಯವಿರುವುದು ದಿನವಿಡೀ ಬಾಯಲ್ಲಿಟ್ಟುಕೊಳ್ಳುವ ಅಡಿಕೆ ಮತ್ತು ತಂಬಾಕಿನಲ್ಲಿ ಎಂಬುದನ್ನು ಜನರಿಗೆ ಬಿಡಿಸಿ ಹೇಳಬೇಕಾಗಿದೆ.

ಹದಿಮೂರು ಪಂಚಾಯಿತಿಗಳಲ್ಲಿ ನಡೆದ ಅಧ್ಯಯನ

ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸುವುದರಿಂದ ಸಾವು ಕಡಿಮೆಯಾಗುತ್ತದೆಯೇ? ಈ ಪ್ರಶ್ನೆಗೆ ಜಗತ್ತಿನಲ್ಲಿಯೇ ಅತ್ಯಂತ ಮಹತ್ವದ ಉತ್ತರವು ನೆರೆಯ ಕೇರಳದ ಗ್ರಾಮಗಳಿಂದ ದೊರಕಿದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸಹಯೋಗದಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ಆ ಜಿಲ್ಲೆಯ 13 ಪಂಚಾಯಿತಿಗಳನ್ನು ಆಯ್ದುಕೊಂಡರು. 7 ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ವರ್ಷ ಮೇಲ್ಪಟ್ಟವರ ಬಾಯಿಯನ್ನು ಪರೀಕ್ಷಿಸಿದರು. ಉಳಿದ 6 ಪಂಚಾಯಿತಿಗಳಲ್ಲಿ ಎಂದಿನ ಆರೋಗ್ಯ ಸೇವೆ ಮಾತ್ರ ಮುಂದುವರಿಯಿತು. ಈ ಕಾರ್ಯಕರ್ತರು ವೈದ್ಯರಾಗಿರಲಿಲ್ಲ. ಪದವೀಧರರಾಗಿದ್ದು, ಈ ಒಂದು ಕೆಲಸಕ್ಕಾಗಿ ತರಬೇತಿ ಪಡೆದವರಾಗಿದ್ದರು.

1996ರಿಂದ 2004ರವರೆಗಿನ ಫಲಿತಾಂಶವು 2005ರಲ್ಲಿ ಪ್ರಕಟವಾಯಿತು. ಪರೀಕ್ಷೆ ನಡೆದ ಪಂಚಾಯಿತಿಗಳಲ್ಲಿದ್ದ 96,517 ಅರ್ಹರ ಪೈಕಿ 87,655 ಮಂದಿಯನ್ನು ಕನಿಷ್ಠ ಒಮ್ಮೆ ಪರೀಕ್ಷಿಸಲಾಗಿತ್ತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದ ಉಂಟಾಗುವ ಸಾವಿನ ಪ್ರಮಾಣವು, ಪರೀಕ್ಷೆ ನಡೆಯದ ಪಂಚಾಯಿತಿಗಳಿಗಿಂತ 34 ಪ್ರತಿಶತ ಕಡಿಮೆಯಿತ್ತು. ಈ ಚಟಗಳಿಲ್ಲದವರನ್ನೂ ಸೇರಿಸಿ ನೋಡಿದಾಗ ವ್ಯತ್ಯಾಸವು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಆದ್ದರಿಂದ ಪರೀಕ್ಷೆಯ ಪ್ರಯೋಜನವು ಯಾರಿಗೆ ಹೆಚ್ಚು ಎಂಬುದೂ ಇದರಿಂದ ತಿಳಿಯುತ್ತದೆ.

ಅದೇ ಅಧ್ಯಯನದ ಇನ್ನೊಂದು ಅಂಕಿ ಪಂಚಾಯಿತಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದದ್ದು. ಕಾರ್ಯಕರ್ತರು 5,145 ಮಂದಿಯಲ್ಲಿ ಸಂಶಯಾಸ್ಪದ ಲಕ್ಷಣಗಳನ್ನು ಗುರುತಿಸಿ, ವೈದ್ಯರನ್ನು ಕಾಣುವಂತೆ ಸೂಚಿಸಿದರು. ಹಾಗೆ ಹೋಗಿ ವೈದ್ಯರನ್ನು ಕಂಡವರು 3,218 ಮಂದಿ ಮಾತ್ರ. ಉಳಿದ 1,927 ಮಂದಿ ಹೋಗಲಿಲ್ಲ. ಮನೆಬಾಗಿಲಿಗೆ ಬಂದು ಪರೀಕ್ಷಿಸಿ, ಅಪಾಯವನ್ನು ತಿಳಿಸಿದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮುಂದಿನ ಹೆಜ್ಜೆ ಇಡಲಿಲ್ಲ.

ಬೆಂಗಳೂರಿನ ಮೊಬೈಲ್ ಫೋನ್ ಸಂಶೋಧನೆ

ತಜ್ಞರಿರುವ ಊರಿಗೆ ರೋಗಿ ಹೋಗುವ ಮೊದಲೇ ರೋಗಿಯ ಬಾಯಿಯ ಚಿತ್ರವು ತಜ್ಞರನ್ನು ತಲುಪುವಂತೆ ಮಾಡುವ ಸಂಶೋಧನೆಯು ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ಕೆ.ಎಲ್.ಇ. ಸೊಸೈಟಿಯ ದಂತ ವಿಜ್ಞಾನ ಸಂಸ್ಥೆಯ ಡಾ. ಪ್ರವೀಣ್ ಬಿರೂರ್, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಡಾ. ಮೋನಿ ಅಬ್ರಹಾಂ ಕುರಿಯಾಕೋಸ್ ಮತ್ತು ಸಂಗಡಿಗರು, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ಮೊಬೈಲ್ ಫೋನ್ ಆಧಾರಿತ ಉಪಕರಣವೊಂದನ್ನು ರೂಪಿಸಿದರು. ಆರೋಗ್ಯ ಕಾರ್ಯಕರ್ತರು ಅದರಿಂದ ಬಾಯಿಯ ಚಿತ್ರ ತೆಗೆಯುತ್ತಾರೆ. ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಸಂಶಯಾಸ್ಪದ ಕಲೆಗಳನ್ನು ಗುರುತಿಸುತ್ತದೆ. ದೂರದಲ್ಲಿರುವ ತಜ್ಞರು ಚಿತ್ರವನ್ನು ನೋಡಿ ಅಭಿಪ್ರಾಯ ನೀಡುತ್ತಾರೆ.

2022ರಲ್ಲಿ ಪ್ರಕಟವಾದ ಇವರ ವರದಿಯ ಪ್ರಕಾರ 5,025 ಮಂದಿಯನ್ನು ಈ ರೀತಿ ಪರೀಕ್ಷಿಸಲಾಯಿತು. ದೂರದ ತಜ್ಞರು ಸಂಶಯಾಸ್ಪದವೆಂದು ಹೇಳಿದ ಪ್ರತಿ 100 ಪ್ರಕರಣಗಳಲ್ಲಿ ಕಾರ್ಯಕರ್ತರು ತಾವಾಗಿಯೇ ಗುರುತಿಸಿದ್ದು ಸುಮಾರು 60. ಫೋನಿನ ತಂತ್ರಾಂಶವು 82ನ್ನು ಗುರುತಿಸಿತು. ಅಂತರ್ಜಾಲದ ಮೂಲಕ ಕೆಲಸ ಮಾಡುವ ದೊಡ್ಡ ತಂತ್ರಾಂಶವು 87ನ್ನು ಗುರುತಿಸಿತು.

ಇದನ್ನು ಕಾರ್ಯಕರ್ತರ ಲೋಪವೆಂದು ಭಾವಿಸಲಾಗದು. ಬಾಯಿಯ ಕಲೆಗಳಲ್ಲಿ ನಿರುಪದ್ರವಿ ಯಾವುದು, ಅಪಾಯಕಾರಿ ಯಾವುದು ಎಂದು ಬೇರ್ಪಡಿಸುವುದು ಅನುಭವಿಗಳಿಗೂ ಕಠಿಣ. ಈ ಅಂಕಿಗಳಿಂದ ಗ್ರಹಿಸಬೇಕಾದ ವಿಷಯ ಇಷ್ಟು: ಒಮ್ಮೆ ನೋಡಿ “ಏನೂ ಇಲ್ಲ” ಎಂದು ಹೇಳಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಕಲೆ ಅಥವಾ ಹುಣ್ಣು ಉಳಿದೇ ಇದ್ದರೆ ದಂತ ವೈದ್ಯರಿಗೋ ಕಿವಿ, ಮೂಗು, ಗಂಟಲು ತಜ್ಞರಿಗೋ ತೋರಿಸಲೇಬೇಕು.

ರೋಗವನ್ನು ಖಚಿತಪಡಿಸುವ ಬಗೆ

ಚಿತ್ರ ನೋಡಿ ಸಂಶಯಪಡಬಹುದು. ಕ್ಯಾನ್ಸರ್ ಎಂದು ನಿರ್ಧರಿಸಲಾಗದು. ಕಲೆಯ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ಇಂದಿಗೂ ಅಂತಿಮ ಪರೀಕ್ಷೆ. “ಕತ್ತರಿ ತಾಗಿದರೆ ರೋಗ ಹರಡುತ್ತದೆ” ಎಂಬ ಭಯದಿಂದ ಅನೇಕರು ಬಯಾಪ್ಸಿಗೆ ಹಿಂಜರಿಯುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಭಯದಿಂದ ಕಳೆಯುವ ತಿಂಗಳುಗಳಲ್ಲಿಯೇ ರೋಗವು ಹರಡುತ್ತದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಅದು ಎಷ್ಟು ಆಳಕ್ಕೆ ಇಳಿದಿದೆ, ಕತ್ತಿನ ಗ್ರಂಥಿಗಳಿಗೆ ತಲುಪಿದೆಯೇ ಎಂಬುದನ್ನು ಸ್ಕ್ಯಾನ್ ಮೂಲಕ ತಿಳಿದು ಚಿಕಿತ್ಸೆಯನ್ನು ನಿರ್ಧರಿಸಲಾಗುತ್ತದೆ.

ಚಿಕಿತ್ಸೆಯಲ್ಲಿ ಆಗಿರುವ ಪ್ರಗತಿ

ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧ ಚಿಕಿತ್ಸೆ – ಈ ಮೂರರಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಉಪಯುಕ್ತ ಸಂಶೋಧನೆಗಳಾಗಿವೆ.

ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು, ಕತ್ತಿನಲ್ಲಿ ಗಂಟು ಕಾಣಿಸದಿದ್ದಾಗ ಕತ್ತಿನ ಗ್ರಂಥಿಗಳನ್ನು ಆಗಲೇ ತೆಗೆಯಬೇಕೇ, ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂಬುದು ಬಹುಕಾಲದ ವಿವಾದವಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 500 ರೋಗಿಗಳ ಮೇಲೆ ನಡೆಸಿದ ಅಧ್ಯಯನವು 2015ರಲ್ಲಿ ಇದನ್ನು ಬಗೆಹರಿಸಿತು. ಮೊದಲೇ ಗ್ರಂಥಿಗಳನ್ನು ತೆಗೆದ ಗುಂಪಿನಲ್ಲಿ ಮೂರು ವರ್ಷಗಳ ನಂತರ ಬದುಕುಳಿದವರು 80 ಪ್ರತಿಶತ; ಕಾಯ್ದು ತೆಗೆದ ಗುಂಪಿನಲ್ಲಿ 67.5 ಪ್ರತಿಶತ. ಭಾರತದ ಆಸ್ಪತ್ರೆಯೊಂದರ ಈ ಫಲಿತಾಂಶವು ಇತರ ದೇಶಗಳ ಚಿಕಿತ್ಸಾ ಪದ್ಧತಿಯ ಮೇಲೂ ಪ್ರಭಾವ ಬೀರಿತು.

ವಿಕಿರಣ ಚಿಕಿತ್ಸೆಯ ನಂತರ ಬಾಯಿಯಲ್ಲಿ ಜೊಲ್ಲು ಒಣಗಿ, ಅನ್ನ ನುಂಗುವುದೂ ಕಷ್ಟವಾಗುತ್ತಿತ್ತು. ಜೊಲ್ಲುಗ್ರಂಥಿಗಳಿಗೆ ಹೆಚ್ಚು ವಿಕಿರಣ ತಾಗದಂತೆ ಕಿರಣಗಳ ತೀವ್ರತೆಯನ್ನು ನಿಯಂತ್ರಿಸುವ ವಿಧಾನವನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಲಾಯಿತು. ಚಿಕಿತ್ಸೆಯಾಗಿ ಒಂದು ವರ್ಷದ ನಂತರ ತೀವ್ರವಾಗಿ ಬಾಯಿ ಒಣಗುವ ತೊಂದರೆಯು ಹಳೆಯ ವಿಧಾನದಲ್ಲಿ 74 ಪ್ರತಿಶತ ಇದ್ದದ್ದು ಹೊಸ ವಿಧಾನದಲ್ಲಿ 38 ಪ್ರತಿಶತಕ್ಕೆ ಇಳಿದಿತ್ತು.

ರೋಗವು ಬಲಿತ ಮೇಲೆ ನೀಡುವ ಹೊಸ ಔಷಧಗಳು ಅತ್ಯಂತ ದುಬಾರಿ. ನಿವೊಲುಮ್ಯಾಬ್ ಎಂಬ ಔಷಧವನ್ನು ರೂಢಿಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಅಂದರೆ 20 ಮಿಲಿಗ್ರಾಂನಷ್ಟು ಮಾತ್ರ ಮೂರು ವಾರಗಳಿಗೊಮ್ಮೆ ನೀಡಿ ಟಾಟಾ ಸ್ಮಾರಕ ಆಸ್ಪತ್ರೆಯವರು ಪರೀಕ್ಷಿಸಿದರು. ಕಡಿಮೆ ಬೆಲೆಯ ಮಾತ್ರೆಗಳ ಜೊತೆಗೆ ಇದನ್ನು ಪಡೆದವರಲ್ಲಿ 43.4 ಪ್ರತಿಶತ ಜನ ಒಂದು ವರ್ಷದ ನಂತರವೂ ಬದುಕಿದ್ದರು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ 16.3 ಪ್ರತಿಶತ.

ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರು ಮಾತನಾಡಲು ನೆರವಾಗುವ ಪುಟ್ಟ ಸಾಧನವೊಂದನ್ನು ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ತಮ್ಮ ಗೆಳೆಯರೊಡನೆ ರೂಪಿಸಿದ್ದಾರೆ. ಹೊರದೇಶದ ಸಾಧನಗಳಿಗೆ ಹಲವು ಸಾವಿರ ರೂಪಾಯಿ ಬೆಲೆಯಿದ್ದ ಕಾಲದಲ್ಲಿ ಇದನ್ನು ಸುಮಾರು 50 ರೂಪಾಯಿಗೆ ಒದಗಿಸುವಂತೆ ಸಿದ್ಧಪಡಿಸಲಾಯಿತು.

ಈ ಪ್ರಗತಿಗಳ ನಡುವೆಯೂ ಒಂದು ಸಂಗತಿ ಬದಲಾಗಿಲ್ಲ. ಮೇಲಿನ ಅಂಕಿಗಳನ್ನು ಹೋಲಿಸಿದರೆ ಅದು ತಾನಾಗಿಯೇ ತಿಳಿಯುತ್ತದೆ. ಆರಂಭದಲ್ಲಿ ಬಂದವರಲ್ಲಿ ಮೂರು ವರ್ಷಗಳ ನಂತರ ಐವರಲ್ಲಿ ನಾಲ್ವರು ಉಳಿದಿದ್ದಾರೆ. ರೋಗ ಬಲಿತ ಮೇಲೆ ಹೊಸ ಔಷಧ ಪಡೆದರೂ ಒಂದು ವರ್ಷ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿದಿಲ್ಲ.

ಗ್ರಾಮದಿಂದ ಆಸ್ಪತ್ರೆಯವರೆಗಿನ ದಾರಿ

ಹೆಮ್ಮಿಗೆಯಂತಹ ಗ್ರಾಮದಲ್ಲಿ ಕೂಲಿಯಿಂದ ಜೀವಿಸುವ ವ್ಯಕ್ತಿಗೆ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಕೈತಪ್ಪುತ್ತದೆ. ಬಸ್ಸಿನ ಖರ್ಚು ಬೇರೆ. ಬಯಾಪ್ಸಿಗೆ ಒಂದು ದಿನ, ವರದಿಗೆ ಇನ್ನೊಂದು ದಿನ, ಸ್ಕ್ಯಾನ್‌ಗೆ ಮತ್ತೊಂದು ದಿನ ಬೇಕಾಗುತ್ತದೆ. ನೋವಿಲ್ಲದ ಒಂದು ಕಲೆಗಾಗಿ ಇಷ್ಟು ಅಲೆದಾಟ ಏಕೆಂದು ಮನೆಯವರು ಕೇಳುವುದು ಸಹಜ. ಕೇರಳದ 1,927 ಮಂದಿ ಏಕೆ ಹೋಗಲಿಲ್ಲ ಎಂಬುದನ್ನು ಅರ್ಥಮಾಡಿಕೊಳ್ಳಲು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಯಾವುದೇ ಊರಿನ ಬದುಕನ್ನು ನೋಡಿದರೆ ಸಾಕು.

ದಾರಿ ಮುಚ್ಚಿಲ್ಲ. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ಜೊತೆಗೆ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವುದು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಂಬಾಕು ಬಳಕೆ ಮತ್ತು ರೋಗಲಕ್ಷಣಗಳ ವಿವರವನ್ನು ದಾಖಲಿಸುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ತಾಲ್ಲೂಕು ಆಸ್ಪತ್ರೆ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಹಾಗೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗಳು ಈ ದಾರಿಯ ಮುಖ್ಯ ತಾಣಗಳು. ಹೆಚ್ಚಿನ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ರೋಗಿಯು ಮೊದಲು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಸೂಕ್ತ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಬಾಯಿಯ ತಪಾಸಣೆಯಲ್ಲಿ ಎಷ್ಟು ಮಂದಿಯನ್ನು ಮುಂದಿನ ಪರೀಕ್ಷೆಗೆ ಕಳುಹಿಸಲಾಗಿದೆ, ಅವರಲ್ಲಿ ಎಷ್ಟು ಮಂದಿ ವೈದ್ಯರನ್ನು ಕಂಡಿದ್ದಾರೆ ಎಂಬ ಎರಡು ಸಂಖ್ಯೆಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಕೇಳಿ ತಿಳಿಯುವುದು. ತಪಾಸಣೆಯಾದವರ ಒಟ್ಟು ಸಂಖ್ಯೆಯೊಂದರಿಂದಲೇ ಕೆಲಸದ ಫಲ ತಿಳಿಯುವುದಿಲ್ಲ.

2. ಹೋಗದೆ ಉಳಿದವರನ್ನು ಆಶಾ ಕಾರ್ಯಕರ್ತೆ ಮತ್ತು ಆ ವಾರ್ಡಿನ ಸದಸ್ಯರು ಜೊತೆಯಾಗಿ ಭೇಟಿ ಮಾಡಿ, ಅಡ್ಡಿ ಏನೆಂದು ವಿಚಾರಿಸುವುದು. ರೋಗಿಗಳ ಹೆಸರನ್ನು ಗ್ರಾಮಸಭೆಯಲ್ಲಾಗಲಿ ಸೂಚನಾ ಫಲಕದಲ್ಲಾಗಲಿ ಪ್ರಕಟಿಸಬಾರದು.

3. ಒಂದೇ ದಿನ ಹಲವರು ಜೊತೆಯಾಗಿ ಆಸ್ಪತ್ರೆಗೆ ಹೋಗುವಂತೆ ಏರ್ಪಾಡು ಮಾಡುವುದು. ಒಂಟಿಯಾಗಿ ಹೋಗಲು ಅಂಜುವವರು ಜೊತೆಗಾರರಿದ್ದರೆ ಹೋಗುತ್ತಾರೆ.

4. ಆರೋಗ್ಯ ಕಾರ್ಡು ಮತ್ತು ಪಡಿತರ ಚೀಟಿಯ ತೊಡಕುಗಳನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಗಮನಕ್ಕೆ ತಂದು ಸರಿಪಡಿಸುವುದು.

5. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕೇಂದ್ರ ಕಾಯ್ದೆಯು ನಿಷೇಧಿಸಿದೆ. ಅಂಗಡಿಗಳಿಗೆ ಪರವಾನಗಿ ನೀಡುವಾಗ ಹಾಗೂ ನವೀಕರಿಸುವಾಗ ಇದನ್ನು ಪರಿಶೀಲಿಸುವುದು.

ಎಲ್ಲರೂ ನೆನಪಿಡಬೇಕಾದ ಲಕ್ಷಣಗಳು

ಎರಡು–ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು; ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಕಲೆ; ಬಾಯಿ ತೆರೆಯಲು ಕಷ್ಟ; ನುಂಗಲು ತೊಂದರೆ; ಮೂರು ವಾರ ಮೀರಿದ ಧ್ವನಿ ಬದಲಾವಣೆ; ಕತ್ತಿನಲ್ಲಿ ಕರಗದ ಗಂಟು; ಕಾರಣವಿಲ್ಲದೆ ಅಲುಗಾಡುವ ಹಲ್ಲು. ಇವುಗಳಲ್ಲಿ ಯಾವುದಿದ್ದರೂ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸಬೇಕು. ಇಂತಹ ಲಕ್ಷಣಗಳೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಅಲ್ಲವೆಂದು ನಿರ್ಧರಿಸುವ ಕೆಲಸವನ್ನು ವೈದ್ಯರಿಗೇ ಬಿಡಬೇಕು.

ಔಷಧ ಮತ್ತು ಉಪಕರಣಗಳ ಸಂಶೋಧನೆ ದೊಡ್ಡ ಸಂಸ್ಥೆಗಳಲ್ಲಿ ಮುಂದುವರಿಯುತ್ತದೆ. ಸೂಚನೆ ಪಡೆದ ವ್ಯಕ್ತಿಯು ಊರಿನಿಂದ ಹೊರಟು ವೈದ್ಯರ ಎದುರು ಕುಳಿತುಕೊಳ್ಳುವಂತೆ ನೋಡಿಕೊಳ್ಳುವುದು ಆ ವ್ಯಕ್ತಿಯ ಮನೆ, ಕೆಲಸ ಮತ್ತು ಸಂಕೋಚಗಳನ್ನು ಬಲ್ಲವರಿಂದ ಮಾತ್ರ ಸಾಧ್ಯ. ಅಂತಹವರು ಪ್ರತಿ ವಾರ್ಡಿನಲ್ಲಿಯೂ ಚುನಾಯಿತ ಸದಸ್ಯರಾಗಿ ಇದ್ದಾರೆ.