ಪರದೆಗೆ ಕಣ್ಣು, ಟ್ರಂಪೆಟ್ಟಿಗೆ ತುಟಿ

1957ರ ಡಿಸೆಂಬರ್ 4ರ ರಾತ್ರಿ. ಪ್ಯಾರಿಸ್ಸಿನ ಷಾನ್ಸ್ ಎಲಿಸೇ ಬೀದಿಯ ಪೋಸ್ಟ್ ಪಾರೀಸಿಯೆನ್ ಸ್ಟುಡಿಯೊ. ಪರದೆಯ ಮೇಲೆ ಹೆಣ್ಣೊಬ್ಬಳು ನಡೆಯುತ್ತಿದ್ದಾಳೆ. ತನ್ನ ಗಂಡನನ್ನು ಕೊಂದು ಬರಬೇಕಿದ್ದ ಪ್ರಿಯಕರ ಇನ್ನೂ ಬಂದಿಲ್ಲ. ಅವನು ವಿದ್ಯುತ್ ಕಡಿತದಿಂದ ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದಾನೆ. ಅವಳಿಗೆ ಅದು ತಿಳಿಯದು. ಕೆಫೆಗಳಲ್ಲಿ ಇಣುಕುತ್ತಾಳೆ, ತುಟಿ ಅಲುಗಿಸುತ್ತಾಳೆ, ಮತ್ತೆ ನಡೆಯುತ್ತಾಳೆ. ತುಣುಕು ಮುಗಿದರೆ ಪುನಃ ಮೊದಲಿನಿಂದ ಓಡುತ್ತದೆ. ಅವಳನ್ನೇ ನೋಡುತ್ತ, ಈ ಸಿನಿಮಾಕ್ಕೆ ಸಂಗೀತ ನುಡಿಸಲು ಬಂದ ಜಾಜ್ ವಾದಕ ಮೈಲ್ಸ್ ಡೇವಿಸ್ ಟ್ರಂಪೆಟ್ ಎತ್ತುತ್ತಾರೆ.

ಎದುರಿಗೆ ಸ್ವರಲಿಪಿ ಇಲ್ಲ. ಮೊದಲೇ ಯೋಚಿಸಿಟ್ಟ ಒಂದಿಷ್ಟು ಸ್ವರಗುಚ್ಛಗಳ (ಕಾರ್ಡ್) ಸುಳಿವಷ್ಟೇ, ಉಳಿದದ್ದೆಲ್ಲ ಮನೋಧರ್ಮ. ಪಿಯಾನೊದಲ್ಲಿ ರೆನೆ ಉರ್ತ್ರೆಜೆ, ಸ್ಯಾಕ್ಸೊಫೋನಿನಲ್ಲಿ ಬಾರ್ನೆ ವಿಲಾನ್, ಬಾಸ್‌ನಲ್ಲಿ ಪಿಯೆರ್ ಮಿಷ್ಲೊ, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ನಿರ್ದೇಶಕ ಲೂಯಿ ಮಾಲ್‌ಗೆ ಇನ್ನೂ 25 ವರ್ಷ. ಪರದೆಯ ಮೇಲಿನ ಆ ಹೆಣ್ಣು, ನಟಿ ಜಾನ್ ಮೊರೊ, ಖುದ್ದಾಗಿ ಅಲ್ಲೇ ಇದ್ದು ವಾದಕರಿಗೆ ಪಾನೀಯ ಕೊಡುತ್ತಿದ್ದರು. ತನ್ನ ನಡಿಗೆಗೆ ನಾದ ಹುಟ್ಟುವುದನ್ನು ಎದುರಿಗೇ ಕಾಣುವ ಭಾಗ್ಯ ಎಷ್ಟು ನಟಿಯರಿಗೆ ಸಿಕ್ಕೀತು!

ಆ ನಡಿಗೆಯ ಚಿತ್ರೀಕರಣವೂ ಹೀಗೇ, ಸಿದ್ಧ ಪಾಠವಿಲ್ಲದೆ ನಡೆದದ್ದು. ಛಾಯಾಗ್ರಾಹಕ ಆಂರಿ ದೆಕೆ ಸಿನಿಮಾ ದೀಪಗಳನ್ನು ಬಿಟ್ಟು, ಕ್ಯಾಮೆರಾವನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು, ಅಂಗಡಿ ಗಾಜುಗಳಿಂದ ಚೆಲ್ಲಿದ ಬೆಳಕನ್ನೇ ನೆಚ್ಚಿಕೊಂಡರು. ಬೆಳಕು ಸಿಕ್ಕಲ್ಲಿ ಮುಖ ಕಾಣುತ್ತದೆ, ಇಲ್ಲದಲ್ಲಿ ಕತ್ತಲು. ಟ್ರಂಪೆಟ್ಟೂ ಅಷ್ಟೇ. ಒಂದು ಸ್ವರ ಹಚ್ಚಿ, ಅದು ಆರುವವರೆಗೂ ಕಾಯುತ್ತದೆ, ಆಮೇಲಷ್ಟೇ ಇನ್ನೊಂದು. ಅವಳು ಅಳುತ್ತಿಲ್ಲ, ಆದ್ದರಿಂದ ಟ್ರಂಪೆಟ್ಟೂ ಅಳುವುದಿಲ್ಲ. ದುಃಖ ಬಂದಾಗ ಪಿಟೀಲುಗಳ ಸಾಲನ್ನೇ ನುಗ್ಗಿಸುವ ಹಿನ್ನೆಲೆ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಬಿಗುಮಾನ ಮೊದಮೊದಲು ವಿಚಿತ್ರ ಅನಿಸೀತು.

ಒಂದು ತುಣುಕಿನಲ್ಲಿ ಡೇವಿಸರ ತುಟಿಯ ಚರ್ಮದ ಚೂರು ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಕೊಂಡು ನಾದ ಬದಲಾಯಿತಂತೆ. ಅವರು ಅದನ್ನೂ ಬಳಸಿಕೊಂಡರೆಂದು ಲೇಖಕ ಬೋರಿಸ್ ವಿಯಾನ್ ಬರೆದಿದ್ದಾರೆ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದೂವರೆ ಗಂಟೆಯ ಚಿತ್ರದಲ್ಲಿ ಸಂಗೀತ ಇರುವುದು ಸುಮಾರು 18 ನಿಮಿಷ.

1958ರಲ್ಲಿ ಫೊಂಟಾನಾ ಕಂಪನಿ ಈ ಸಂಗೀತವನ್ನು 10 ಇಂಚಿನ ತಟ್ಟೆಯಾಗಿ ಹೊರತಂದಿತು. ಆ ತಟ್ಟೆಯಲ್ಲಿ ಕೇಳುವ ನಿರ್ಜನ ಬೀದಿಯಂಥ ಪ್ರತಿಧ್ವನಿ ಅಂದು ರಾತ್ರಿಯದಲ್ಲ, ಆಮೇಲೆ ಬೆರೆಸಿದ್ದು. 1988ರ ಸಿ.ಡಿ.ಯಲ್ಲಿ ಕಚ್ಚಾ ತುಣುಕುಗಳೂ ಬಂದವು. ಪ್ರತಿಧ್ವನಿಯ ಹೊದಿಕೆಯಿಲ್ಲದ ಅವುಗಳಲ್ಲಿ ಟ್ರಂಪೆಟ್ ಕಿವಿಯ ಪಕ್ಕದಲ್ಲೇ ಉಸಿರಾಡುತ್ತದೆ, ಕ್ಲಾರ್ಕರ ಡ್ರಮ್ಸು ಇನ್ನೂ ಹತ್ತಿರ. ನನ್ನ ಮೆಚ್ಚುಗೆ ಇವಕ್ಕೇ. ಸಿನಿಮಾದ ಒಂಟಿತನಕ್ಕೆ ಆ ಪ್ರತಿಧ್ವನಿ ಬೇಕಿತ್ತು, ನಿಜ. ಆದರೆ ಐದು ಜನ ಒಂದೇ ಕೋಣೆಯಲ್ಲಿ ಕೂತು ಅವಳನ್ನು ನೋಡುತ್ತಿದ್ದಾರೆಂಬುದು ಕೇಳಿಸುವುದು ಇಲ್ಲಿ ಮಾತ್ರ.